ವಾಷರಿನ ಬಾಟಲಿ

“ಮನೇಲಿ ವಾಷರ್ ಇಲ್ಲ ಅಂದ್ರಿ. ಮತ್ತೆ ಅಲ್ಲಿ ಕೂತಿರೋದೇನಮ್ಮ?” ಬಚ್ಚಲಿನ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಪ್ಲಂಬರ್, ಬಾಗಿಲಲ್ಲಿ ನಿಂತಿದ್ದ ಮನೆಯಾಕೆಗೆ ಸ್ಪ್ಯಾನರಿನಿಂದ ಕಿಟಕಿಯತ್ತ ತೋರಿಸಿದ.

ಕಿಟಕಿಯ ಕಟ್ಟೆಯ ಮೇಲೆ ಅವಳ ಗಂಡ ಜೋಡಿಸಿಟ್ಟ ಡಬ್ಬಿಗಳ ಸಾಲಿತ್ತು. ಎಣ್ಣೆಯ ಕ್ಯಾನನ್ನು ಓರೆಯಾಗಿ ಕತ್ತರಿಸಿ ಮಾಡಿದ ಮಗ್ಗು, ಕುತ್ತಿಗೆ ಹಾರಿಸಿದ ಶಾಂಪೂ ಬಾಟಲಿಯಲ್ಲಿ ಬ್ರಷ್ಷುಗಳು, ಮುಲಾಮಿನ ಡಬ್ಬಿಗಳಲ್ಲಿ ಮೊಳೆ. ಲಿಫ್ಟ್ ರಿಪೇರಿ ಅವನ ಕಸುಬು; ಖಾಲಿಯಾದದ್ದೇನೇ ಕೈಗೆ ಸಿಕ್ಕಲಿ, ಅದಕ್ಕೆ ಹೊಸ ನೌಕರಿ ಗ್ಯಾರಂಟಿ. ಅವನು ಸತ್ತ ಈ ಐದು ತಿಂಗಳಲ್ಲಿ ಎಲ್ಲವನ್ನೂ ಯಾರಾದರೊಬ್ಬರು ತೆರೆದು ಮುಚ್ಚಿಯಾಗಿತ್ತು, ವಾಷರ್ ತುಂಬಿಟ್ಟ, ಕಾಫಿಪುಡಿಯ ಆ ಹಳೆಯ ಗಾಜಿನ ಬಾಟಲಿಯೊಂದನ್ನು ಬಿಟ್ಟು. ಕೊನೆಯ ಭಾನುವಾರ ಅವನು ಎಷ್ಟು ತಿರುಗಿಸಿದ್ದನೋ ಅದರ ಮುಚ್ಚಳ ಅಷ್ಟಕ್ಕೇ ನಿಂತಿತ್ತು. ಧೂಳು ಒರೆಸುವಾಗಲೂ ಅವಳು ಅದನ್ನು ತಳ ಹಿಡಿದೇ ಎತ್ತುತ್ತಿದ್ದಳು.

“ಅದು ಬೇಡ. ಅಂಗಡಿಯಿಂದ ತನ್ನಿ.”

“ಈ ಹಳೇ ನಲ್ಲಿ ಅಳತೇದು ಯಾವ ಅಂಗಡೀಲೂ ಸಿಗಲ್ಲ. ಅದಕ್ಕೇ ನಿಮ್ಮ ಯಜಮಾನ್ರು ರಬ್ಬರ್ ಕತ್ತರಿಸಿ ಇಟ್ಕೊಂಡಿರೋದು. ಇಲ್ಲಿಂದ ನೀರು ಸೋರಿ ಕೆಳಗಿನ ಮನೆಯವರು ಮಂಚದ ಮೇಲೆ ಬಕೆಟ್ ಇಟ್ಕೊಂಡು ಮಲಗ್ತಾರಂತೆ.”

ಅವನು ಎದ್ದು ಬಾಟಲಿಯನ್ನು ಕಂಕುಳಲ್ಲಿ ಅವುಚಿ ತಿರುಗಿಸಿದ. ಮುಖ ಕೆಂಪಾಯಿತೇ ಹೊರತು ಮುಚ್ಚಳ ಮಿಸುಕಲಿಲ್ಲ. “ಅಬ್ಬ, ಇದನ್ನೂ ಲಿಫ್ಟಿನ ಬಾಗಿಲು ಅಂದ್ಕೊಂಡಿದ್ರಾ ಮಹಾರಾಯ್ರು?”

ಅವಳು ಹಿಡಿದಿದ್ದ ಉಸಿರು ಬಿಟ್ಟಳು.

“ಒಡೆದುಬಿಡ್ಲಾ?”

“ಬೇಡ,” ಎಂದು ಅವಳು ಬಾಟಲಿಯನ್ನು ಕಿತ್ತುಕೊಂಡಳು.

ಮಾತು ಕೇಳಿ ಅತ್ತೆ ಒಳಗಿನಿಂದ ಬಂದರು. ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಚಾಚಿದರು. “ಕೊಡು ಇಲ್ಲಿ.”

“ಅತ್ತೆ, ಇದನ್ನ ಅವರು ಮುಚ್ಚಿದ್ದು.”

“ಗೊತ್ತು ಕಣೆ. ಕೆಳಗಿನ ಮನೆ ಕೂಸು ಥಂಡೀಲಿ ಮಲಗಿ ಕೆಮ್ಮೋದು ನಿಂಗೂ ಕೇಳಿಸುತ್ತೆ, ನಂಗೂ ಕೇಳಿಸುತ್ತೆ.”

ಪ್ಲಂಬರ್ ತನ್ನ ಚೀಲದಲ್ಲಿ ಏನನ್ನೋ ಹುಡುಕುವವನಂತೆ ತಲೆ ತಗ್ಗಿಸಿದ. ಅವಳು ಬಾಟಲಿಯನ್ನು ಅತ್ತೆಯ ಕೈಗೆ ಕೊಟ್ಟಳು.

“ಚಿಕ್ಕೋನಿದ್ದಾಗಿಂದ ಹೀಗೇ ಬಿಗಿದು ಮುಚ್ಚೋನು ಅವನು,” ಎಂದರು ಅತ್ತೆ. “ಮೇಲಿಂದ ಅದುಮಿ ತಿರುಗಿಸ್ಬೇಕು.” ಬಾಟಲಿಯನ್ನು ಕಟ್ಟೆಯ ಮೇಲಿಟ್ಟು, ಅಂಗೈಯನ್ನು ಮುಚ್ಚಳದ ಮೇಲೆ ಊರಿ, ಮೈಭಾರವನ್ನೆಲ್ಲ ಹಾಕಿ ತಿರುಗಿಸಿದರು. ಟಕ್ಕೆಂದಿತು. ಒಳಗೆ ಕರಿಯ ವಾಷರುಗಳು, ರಬ್ಬರಿನ ವಾಸನೆ. ಬೇರೇನೂ ಇರಲಿಲ್ಲ.

ಪ್ಲಂಬರ್ ಒಂದನ್ನು ಆರಿಸಿಕೊಂಡ. ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿ ಹೊರಟುಹೋದ.

ಅತ್ತೆ ಬಚ್ಚಲ ಹೊಸ್ತಿಲ ಮೇಲೆಯೇ ಕೂತು ಬಲಗೈ ಬಿಚ್ಚಿ ನೋಡಿಕೊಳ್ಳುತ್ತಿದ್ದರು. ಅವಳು ಪಕ್ಕದಲ್ಲಿ ಕೂತು ಆ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಮುಚ್ಚಳದ ಅಂಚಿನ ಹಲ್ಲುಗಳು ಅಂಗೈಯಲ್ಲಿ ಸಾಲಾಗಿ, ಕೆಂಪಗೆ, ದುಂಡಗೆ ಮೂಡಿದ್ದವು. ನೋಡುತ್ತಿದ್ದಂತೆ ಗೆರೆಗಳು ಒಂದೊಂದಾಗಿ ಚರ್ಮದೊಳಗೆ ಮಾಯವಾಗತೊಡಗಿದವು. ಹೆಬ್ಬೆರಳಿನ ಬುಡದಲ್ಲಿ ಮಾತ್ರ ಎರಡು ಇನ್ನೂ ಉಳಿದಿದ್ದವು.