ದಂಪತಿ ವಿಭಾಗದ ಹೆಜ್ಜೆಗಳು

ಅಮೆರಿಕದ ಪ್ಲಿಮತ್ ಸುತ್ತಮುತ್ತಲಿನ ಕನ್ನಡಿಗರ ಸಾರ್ವಜನಿಕ ಬದುಕಿನಲ್ಲಿ ಈಚಿನ ವರ್ಷಗಳಲ್ಲಿ ಎದ್ದ ಅತ್ಯಂತ ಗಂಭೀರವಾದ ಪ್ರಶ್ನೆ ಇದು: ಅಕ್ಟೋಬರ್ ತಿಂಗಳ ಒಂದು ಶನಿವಾರ ಗ್ರೀಸ್ ದೇಶದ ಒಂದು ದ್ವೀಪದ ಕಡಲಂಚಿನಲ್ಲಿ ಹಾಕಿದ ಹನ್ನೊಂದು ಸಾವಿರದ ನಾನೂರು ಹೆಜ್ಜೆಗಳು ಪದ್ಮ ಅವರವೋ, ಅಲ್ಲವೋ? ಇದನ್ನು ತೀರ್ಮಾನಿಸಲು ಕನ್ನಡ ಕೂಟದ ಕಾರ್ಯಕಾರಿ ಸಮಿತಿ ನವೆಂಬರ್ ಎರಡನೆಯ ಭಾನುವಾರ ಮಧ್ಯಾಹ್ನ ಅಧ್ಯಕ್ಷ ಶ್ಯಾಮ್ ಅವರ ಬೇಸ್‌ಮೆಂಟಿನಲ್ಲಿ ಸೇರಿತು. ವಾರ್ಷಿಕ ಚುನಾವಣೆಗೂ ಬಾರದವರು ಅಂದು ಬಂದಿದ್ದರು. ಉಪ್ಪಿಟ್ಟು ಸಾಲದೆ ಹೋಯಿತು.

ಹಿನ್ನೆಲೆ ಹೀಗಿದೆ. ಕೂಟ ಆ ವರ್ಷ ‘ಆರೋಗ್ಯ ನಡಿಗೆ’ ಎಂಬ ಸ್ಪರ್ಧೆ ಇಟ್ಟಿತ್ತು. ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ ನಡೆಯಬೇಕು. ಹಾಲ್ ಸಿಕ್ಕ ದಿನ, ಅಂದರೆ ನವೆಂಬರ್ ಮೂರನೆಯ ಶನಿವಾರ, ಆಚರಿಸುವ ರಾಜ್ಯೋತ್ಸವದಲ್ಲಿ ಬಹುಮಾನ. ಹೆಸರು ಕೊಟ್ಟವರಿಗೆಲ್ಲ ಹೆಜ್ಜೆ ಎಣಿಸುವ ಒಂದೊಂದು ಕಪ್ಪು ಬ್ಯಾಂಡ್ ಕೊಟ್ಟಿದ್ದರು. ಮಣಿಕಟ್ಟಿಗೆ ಕಟ್ಟಿಕೊಂಡರೆ ಕೈ ಬೀಸಿದಷ್ಟೂ ಅದು ಎಣಿಸುತ್ತದೆ, ಎಣಿಸಿದ್ದನ್ನು ಕೂಟದ ಆ್ಯಪ್‌ಗೆ ಕಳಿಸುತ್ತದೆ. ಪುರುಷರಿಗೊಂದು ವಿಭಾಗ, ಮಹಿಳೆಯರಿಗೊಂದು, ದಂಪತಿಗಳಿಗೊಂದು. ಮೊದಲೆರಡರಲ್ಲಿ ಮೂವರು ಮೂವರಿಗೆ ಸ್ಟೀಲ್ ಬಾಟಲಿ. ದಂಪತಿಗಳಿಗೆ ಅಮೆರಿಕದ ನೂರಹತ್ತು ವೋಲ್ಟಿಗೆ ಓಡುವ ವೆಟ್ ಗ್ರೈಂಡರ್, ಒಂದೇ ಒಂದು. ದಂಪತಿ ವಿಭಾಗದ ನಿಯಮ ಶ್ಯಾಮ್ ಅವರೇ ಬರೆದದ್ದು: ಇಬ್ಬರೂ ಒಟ್ಟಿಗೆ ನಡೆದದ್ದು ಮಾತ್ರ ಲೆಕ್ಕಕ್ಕೆ, ಇಬ್ಬರಲ್ಲಿ ಯಾರದು ಕಡಿಮೆಯೋ ಅದೇ ಜೋಡಿಯ ಲೆಕ್ಕ. ಎರಡು ಬ್ಯಾಂಡ್ ಒಂದೇ ಗಂಟೆಯೊಳಗೆ ಓಡಿದ್ದರೆ ಆ್ಯಪ್ ಅದನ್ನು ದಾಂಪತ್ಯವೆಂದು ಒಪ್ಪಿಕೊಳ್ಳುತ್ತಿತ್ತು. ಹೆಚ್ಚಿನ ವಿಚಾರಣೆ ಮಾಡುತ್ತಿರಲಿಲ್ಲ.

ಸೆಪ್ಟೆಂಬರ್ ಮುಗಿಯುವಾಗ ಈ ವಿಭಾಗದಲ್ಲಿ ಮೊದಲ ಸ್ಥಾನದಲ್ಲಿದ್ದ ಹೆಸರು ‘ಕೇಶವ್ ಮತ್ತು ಪದ್ಮ, ಪ್ಲಿಮತ್’.

ಕೇಶವ್‌ಗೆ ಅರವತ್ತೊಂದು ವರ್ಷ. ಕಾರಿನ ಬ್ರೇಕ್ ಮಾಡುವ ಕಂಪನಿಯೊಂದರಲ್ಲಿ ಎಂಜಿನಿಯರ್. ಬ್ರೇಕಿನ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದ ಮನುಷ್ಯ ಅಷ್ಟು ಜೋರಾಗಿ ನಡೆಯುವುದು ವಿಚಿತ್ರ ಎಂದು ಎಲ್ಲರೂ ಹೇಳುತ್ತಿದ್ದರು. ಪಾರ್ಕಿಂಗ್ ಲಾಟಿನಲ್ಲಾಗಲಿ ದೇವಸ್ಥಾನದ ಪ್ರದಕ್ಷಿಣೆಯಲ್ಲಾಗಲಿ ಅವರು ಇಪ್ಪತ್ತಡಿ ಮುಂದೆ, ಪದ್ಮ ಇಪ್ಪತ್ತಡಿ ಹಿಂದೆ. ಆಕೆ ‘ರೀ, ಸ್ವಲ್ಪ ನಿಲ್ರಿ’ ಅನ್ನುವುದು, ಕೇಶವ್ ತಿರುಗದೆ ‘ಬರ್ತಾ ಇರು’ ಅನ್ನುವುದು ನಮಗೆಲ್ಲ ಕೇಳಿ ಕೇಳಿ ರೂಢಿಯಾಗಿತ್ತು.

ಪದ್ಮ ರೋಗಪತ್ತೆಯ ಡಾಕ್ಟರು, ಲ್ಯಾಬಿನಲ್ಲಿ ಕೂತು ಬಯಾಪ್ಸಿ ನೋಡುವವರು. ಎರಡು ವರ್ಷದ ಹಿಂದೆ ಶಿಕಾಗೋ ಪಕ್ಕದ ಶಾಂಬರ್ಗ್‌ನಲ್ಲಿ ಒಂದು ಕೆಲಸ ಹಿಡಿದರು. ಒಂದು ವರ್ಷದ ಮಟ್ಟಿಗೆ ಎಂದಿದ್ದರು. ನಾಲ್ಕೂವರೆ ಗಂಟೆಯ ಡ್ರೈವ್. ಮೊದಮೊದಲು ಪ್ರತಿ ಶುಕ್ರವಾರ ಬರುತ್ತಿದ್ದರು, ಆಮೇಲೆ ವಾರ ಬಿಟ್ಟು ವಾರ, ಆಮೇಲೆ ಹಬ್ಬಕ್ಕೆ. ಈ ಸಲ ಗಣೇಶನ ಹಬ್ಬಕ್ಕೂ ಬರಲಿಲ್ಲ. ಜಗಳವಾಗಿದೆ ಎಂದು ಯಾರೂ ಹೇಳಲಾರರು, ಏಕೆಂದರೆ ಆಗಿರಲಿಲ್ಲ. ಕೇಳಿದವರಿಗೆ ಕೇಶವ್ ‘ಅಲ್ಲಿ ವರ್ಕ್ ಜಾಸ್ತಿ’ ಅನ್ನುತ್ತಿದ್ದರು. ಕೇಳುವವರೂ ಕಡಿಮೆಯಾದರು.

ಸ್ಪರ್ಧೆಗೆ ಹೆಸರು ಕೊಡಲೇ ಎಂದು ಮೇ ತಿಂಗಳಲ್ಲಿ ಕೇಶವ್ ಫೋನಿನಲ್ಲಿ ಕೇಳಿದಾಗ ಪದ್ಮ, ಕೊಡಿ, ಬಂದಾಗ ನಡೆಯೋಣ ಎಂದಿದ್ದರು. ಎರಡೂ ಬ್ಯಾಂಡ್‌ಗಳನ್ನು ಕೇಶವ್ ಮನೆಗೆ ತಂದರು. ಜೂನ್‌ನಲ್ಲಿ ಪದ್ಮ ಎರಡು ಸಲ ಬಂದು ಎರಡು ಸಲ ನಡೆದರು. ಉಳಿದ ದಿನಗಳಲ್ಲಿ ಕೇಶವ್ ತಮ್ಮದನ್ನು ಬಲಗೈಗೆ, ಹೆಂಡತಿಯದನ್ನು ಎಡಗೈಗೆ ಕಟ್ಟಿಕೊಂಡು ತಮ್ಮ ಬಡಾವಣೆಯ ಕೊಳದ ಸುತ್ತ ಸಂಜೆ ಒಂದೂವರೆ ಗಂಟೆ ನಡೆದರು. ಸಮತಟ್ಟಾದ ದಾರಿಯಲ್ಲಿ ಎರಡು ಬ್ಯಾಂಡೂ ಒಂದೇ ಎಣಿಕೆ ತೋರಿಸುತ್ತಿದ್ದವು. ಉದ್ದ ತೋಳಿನ ಅಂಗಿ ತೊಟ್ಟಿರುತ್ತಿದ್ದರಿಂದ ಯಾರಿಗೂ ಕಾಣಿಸಲಿಲ್ಲ. ಕಂಡ ಒಬ್ಬಿಬ್ಬರು ಬಿಪಿಗೆ ಕಟ್ಟಿಕೊಂಡಿರಬೇಕು ಎಂದುಕೊಂಡರು.

ಗ್ರೀಸ್ ಪ್ರವಾಸ ಮೂವತ್ತನೆಯ ಮದುವೆ ವಾರ್ಷಿಕೋತ್ಸವಕ್ಕೆಂದು ಇಬ್ಬರೂ ಕೂತು ಬುಕ್ ಮಾಡಿದ್ದು. ಸಮುದ್ರದ ಪಕ್ಕದಲ್ಲಿ ಒಂದು ಬೀಚಿನಿಂದ ಇನ್ನೊಂದಕ್ಕೆ ನಡೆದು ಹೋಗುವ ಕಾಲುದಾರಿಯ ಫೋಟೋ ನೋಡಿ ದ್ವೀಪವನ್ನು ಆರಿಸಿದವರು ಪದ್ಮ. ಹೊರಡುವ ಎರಡು ವಾರ ಮುಂಚೆ ರಜ ಸಿಗಲಿಲ್ಲ ಎಂದು ಅವರದೇ ಮೆಸೇಜ್ ಬಂತು, ನೀವು ಹೋಗ್ಬನ್ನಿ ಎಂದೂ ಇತ್ತು. ಸಿಯಾಟಲ್‌ನಲ್ಲಿರುವ ಮಗಳು ಮಾನ್ಯಾಳನ್ನು ಕೇಳಿದರೆ ಅವಳು ‘ಜಸ್ಟ್ ಗೋ, ಡ್ಯಾಡ್’ ಎಂದಳು. ಕೇಶವ್ ಹೋದರು. ಎರಡು ಬ್ಯಾಂಡೂ ಜೊತೆಗೆ ಹೋದವು.

ಸಿಕ್ಕಿಬಿದ್ದದ್ದು ಹೀಗೆ. ಆ ಶನಿವಾರ ಬೆಳಗ್ಗೆ ಹತ್ತಕ್ಕೆ, ಗ್ರೀಸಿನಲ್ಲಿ ಆಗ ಸಂಜೆ ಐದು, ಕೂಟದ ಮಹಿಳಾ ವಿಭಾಗಕ್ಕೆ ಪದ್ಮ ಶಾಂಬರ್ಗ್‌ನಿಂದ ಆನ್‌ಲೈನ್ ಭಾಷಣ ಮಾಡಿದರು: ಲ್ಯಾಬ್ ರಿಪೋರ್ಟ್ ಓದುವುದು ಹೇಗೆ. ಕೇಳುತ್ತಿದ್ದವರಲ್ಲಿ ಪಕ್ಕದ ಊರು ಕ್ಯಾಂಟನ್‌ನ ಆಶಾರಾಣಿ ಒಬ್ಬರು. ಆಶಾರಾಣಿ ಮತ್ತು ಅವರ ಗಂಡ ಸತೀಶ ದಂಪತಿ ವಿಭಾಗದಲ್ಲಿ ಎರಡನೆಯ ಸ್ಥಾನದಲ್ಲಿದ್ದರು. ಥೈರಾಯ್ಡಿನ ಭಾಗ ಬಂದಾಗ ಆಶಾರಾಣಿ ಸುಮ್ಮನೆ ಫೋನಿನಲ್ಲಿ ಆ್ಯಪ್ ತೆಗೆದರು. ಲ್ಯಾಪ್‌ಟಾಪಿನಲ್ಲಿ ಪದ್ಮ ಕುರ್ಚಿಯ ಮೇಲೆ ಕೂತು ಮಾತಾಡುತ್ತಿದ್ದರು; ಫೋನಿನಲ್ಲಿ ಪದ್ಮ ನಿಮಿಷಕ್ಕೆ ನೂರು ಹೆಜ್ಜೆಯಂತೆ ನಡೆಯುತ್ತಿದ್ದರು. ಆಶಾರಾಣಿ ಎರಡನ್ನೂ ಒಂದೇ ಚಿತ್ರದಲ್ಲಿ ಬರುವಂತೆ ಗಂಡನ ಫೋನಿನಿಂದ ಫೋಟೋ ತೆಗೆದಿಟ್ಟರು.

ಸಭೆಯಲ್ಲಿ ಆ ಫೋಟೋ ಕೈಯಿಂದ ಕೈಗೆ ಹೋಯಿತು. ಶಾಂಬರ್ಗ್‌ನಿಂದ ಪದ್ಮ ಲ್ಯಾಪ್‌ಟಾಪಿನ ಪರದೆಯ ಮೇಲೆ ಹಾಜರಿದ್ದರು. ಅದನ್ನು ಉಪ್ಪಿಟ್ಟಿನ ಪಾತ್ರೆಗೆ ಒರಗಿಸಿ ಇಟ್ಟಿದ್ದರಿಂದ ಸ್ವಲ್ಪ ಮೇಲೆ ನೋಡಿದಂತೆ ಕಾಣುತ್ತಿದ್ದರು. ವಿವರಣೆ ಕೊಡಿ ಎಂದು ಶ್ಯಾಮ್ ಕೇಳಿದಾಗ ಕೇಶವ್ ಎರಡು ಬ್ಯಾಂಡಿನ ವಿಷಯವನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡರು. ಆಮೇಲೆ ಯಾರೂ ಕೇಳದಿದ್ದರೂ ಆ ದಿನದ ನಡಿಗೆಯನ್ನು ಹೇಳತೊಡಗಿದರು. ದ್ವೀಪದ ಹೆಸರನ್ನು ಮೂರು ಸಲ ಮೂರು ಥರ ಉಚ್ಚರಿಸಿದ್ದರಿಂದ ನಡಾವಳಿಯಲ್ಲಿ ‘ದ್ವೀಪ’ ಎಂದಷ್ಟೇ ಬರೆದುಕೊಳ್ಳಲಾಗಿದೆ.

ಬಸ್ಸಿಳಿದದ್ದು ಮಧ್ಯಾಹ್ನ ಮೂರೂವರೆಗೆ. ಎಡಕ್ಕೆ ಸಮುದ್ರ, ಬಲಕ್ಕೆ ಮುಳ್ಳುಗಿಡದ ಒಣ ಗುಡ್ಡ, ನಡುವೆ ಒಬ್ಬರ ಹಿಂದೆ ಒಬ್ಬರು ಹೋಗುವಷ್ಟೇ ಅಗಲದ ದಾರಿ. ಸೀಸನ್ ಮುಗಿದಿತ್ತು. ದಾರಿಯಲ್ಲಿ ನಾಲ್ಕು ಬೀಚು, ನಾಲ್ಕನೆಯದರಲ್ಲಿ ವಾಪಸು ಬಸ್ಸು. ಗಾಳಿ ಎಷ್ಟಿತ್ತೆಂದರೆ ಕೇಶವ್ ಆಗಾಗ ಎಡಗೈಯಲ್ಲಿ ಟೋಪಿ ಅದುಮಿ ಹಿಡಿದು ನಡೆಯಬೇಕಾಯಿತು. ತಲೆಯ ಮೇಲೆ ಕೈ ಹೊತ್ತು ಕೂತವರನ್ನು ನಾವೆಲ್ಲ ನೋಡಿದ್ದೇವೆ. ತಲೆಯ ಮೇಲೆ ಕೈ ಹೊತ್ತು ನಡೆದವರು ಕೇಶವ್ ಒಬ್ಬರೇ ಇರಬೇಕು.

ಮೊದಲ ಬೀಚಿಗೆ ಬಂದು ನೋಡಿದರೆ ಬಲಗೈಯಲ್ಲಿ ಮೂರು ಸಾವಿರದ ನೂರು, ಎಡಗೈಯಲ್ಲಿ ಎರಡೂವರೆ ಸಾವಿರ. ತಲೆಯ ಮೇಲಿಟ್ಟ ಕೈ ಬೀಸುವುದಿಲ್ಲ. ಬೀಸದಿದ್ದರೆ ಬ್ಯಾಂಡ್ ಎಣಿಸುವುದಿಲ್ಲ. ಪದ್ಮ ಆರುನೂರು ಹೆಜ್ಜೆ ಹಿಂದೆ ಬಿದ್ದಿದ್ದರು. ಕಡಿಮೆ ಇದ್ದದ್ದೇ ಜೋಡಿಯ ಲೆಕ್ಕವಾದ್ದರಿಂದ ಕೇಶವ್ ತಮ್ಮ ಬ್ಯಾಂಡ್ ಬಿಚ್ಚಿ ಒಂದು ಕಲ್ಲಿನ ಮೇಲಿಟ್ಟರು. ಟೋಪಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎಡಗೈ ಬೀಸುತ್ತ, ಯಾರೂ ಇಲ್ಲದ ಮರಳಿನ ಮೇಲೆ ಆಚೆಯಿಂದ ಈಚೆಗೆ ಆರುನೂರು ಹೆಜ್ಜೆ ಹಾಕಿದರು. ಮೊದಲ ಬೀಚಿನಲ್ಲಿ ಅವರು ನಿಂತದ್ದು ಗ್ರೈಂಡರಿಗಾಗಿಯೇ. ಹಾಗೆಂದು ಅವರೇ ಹೇಳಿದರು.

ಎರಡನೆಯ ಬೀಚಿನಲ್ಲಿ ನಾನೂರು ಕಡಿಮೆ. ಮತ್ತೆ ಬಿಚ್ಚಿ, ಮತ್ತೆ ನಡೆದರು. ಅಲ್ಲಿ ಮುಚ್ಚಿದ ಹೋಟೆಲೊಂದರ ಕುರ್ಚಿಗಳನ್ನು ಹಗ್ಗದಲ್ಲಿ ಬಿಗಿದಿದ್ದರು. ಒಂದು ಕುರ್ಚಿ ಬಿಚ್ಚಿಕೊಂಡು ಕೂತು ಪದ್ಮಗೆ ಫೋನ್ ಮಾಡೋಣ ಅನ್ನಿಸಿತಂತೆ. ಅವರು ಭಾಷಣಕ್ಕೆ ತಯಾರಾಗುತ್ತಿರುತ್ತಾರೆ ಎಂದು ಸುಮ್ಮನಾದರು.

ಅಲ್ಲಿಂದ ಮುಂದೆ ಮೇಕೆಗಳು ದಾಟದಂತೆ ದಾರಿಗೆ ಒಂದು ತಂತಿಯ ಗೇಟು ಇತ್ತು. ಎದುರಿನಿಂದ ಬಂದ ವಯಸ್ಸಾದ ಹೆಂಗಸೊಬ್ಬಳು, ಆ ಊರಿನವಳೇ, ಹಗ್ಗ ಬಿಚ್ಚಿ ಇವರಿಗಾಗಿ ಗೇಟು ಹಿಡಿದುಕೊಂಡಳು. ಇವರ ಎರಡು ಕೈ ನೋಡಿ ಏನೋ ಕೇಳಿದಳು. ಕೇಶವ್ ಎಡಗೈ ತೋರಿಸಿ ‘ವೈಫ್’ ಎಂದರು. ಅವಳಿಗೆ ಆ ಒಂದು ಪದ ಗೊತ್ತಿತ್ತು. ಗೇಟನ್ನು ಮುಚ್ಚದೆ, ಇವರು ಬಂದ ದಾರಿಯ ಕಡೆ ನೋಡುತ್ತ ನಿಂತಳು. ಹಿಂದೆ ಬರುವವರಿಗೂ ಹಿಡಿದುಕೊಂಡಿರಬೇಕಲ್ಲ. ಬರುವುದಿಲ್ಲ ಎಂದು ಹೇಳುವಷ್ಟು ಗ್ರೀಕ್ ಕೇಶವ್‌ಗೆ ಬರುತ್ತಿರಲಿಲ್ಲ. ಅವರೂ ಹಿಂದಕ್ಕೆ ತಿರುಗಿ ನಿಂತು ಆ ದಾರಿಯನ್ನೇ ನೋಡಿದರು. ಎರಡು ತಿರುವಿನವರೆಗೂ ಕಾಣುತ್ತಿತ್ತು. ಹಾಗೆ ಇಬ್ಬರೂ ನಾಲ್ಕೈದು ನಿಮಿಷ ನಿಂತರು. ಕೊನೆಗೆ ಕೇಶವ್ ದೂರಕ್ಕೆ, ಸಮುದ್ರದಾಚೆಗೆ ಕೈ ತೋರಿಸಿದರು. ಅವಳು ತಲೆಯಾಡಿಸಿ ಗೇಟಿಗೆ ಹಗ್ಗ ಸುತ್ತಿ ಹೊರಟುಹೋದಳು.

ಮೂರನೆಯ ಬೀಚಿನಲ್ಲಿ ಕಡಿಮೆ ಇದ್ದದ್ದು ಇನ್ನೂರೈವತ್ತು. ಅದನ್ನೂ ತುಂಬಿಸಿದರು. ಅಲ್ಲಿಂದಾಚೆ ಟೋಪಿಯನ್ನು ಚೀಲಕ್ಕೆ ತುರುಕಿ, ಎರಡು ಕೈಯನ್ನೂ ಬೀಸುತ್ತ, ಎಂದಿಗಿಂತ ನಿಧಾನವಾಗಿ ನಡೆದರು. ಬೋಳುತಲೆ ಸುಟ್ಟು ಸಿಪ್ಪೆ ಎದ್ದದ್ದು ಸಭೆಗೂ ಕಾಣುತ್ತಿತ್ತು. ನಾಲ್ಕನೆಯ ಬೀಚಿಗೆ ಬರುವಾಗ ಎರಡು ಬ್ಯಾಂಡಿನ ಎಣಿಕೆಯೂ ಒಂದೇ ಆಗಿತ್ತು. ಬಸ್ಸು ಹೋಗಿತ್ತು.

ಬೇಸ್‌ಮೆಂಟಿನಲ್ಲಿ ಕೇಶವ್ ಮಾತು ಮುಗಿಸಿದರು. ಹುಬ್ಬಳ್ಳಿಯ ಸತೀಶನಿಗೆ ಮಾತಿಲ್ಲದ ಜಾಗ ಕಂಡರೆ ಆಗದು.

“ಅಲ್ರೀ ಸರ, ನಾವಿಬ್ರೂ ಐದ್ ತಿಂಗಳಾ ದಿನಾ ಜಗಳಾ ಮಾಡ್ಕೋಂತ ನಡದೇವಿ. ನೀವೊಬ್ರ ಇಬ್ರಷ್ಟು ನಡದ್ರ ಅದು ದಂಪತಿ ಹೆಂಗ ಆಗ್ತದ್ರೀ?”

“ಗ್ರೈಂಡರ್ ನೀವೇ ತಗೊಳ್ಳಿ ಸತೀಶ,” ಎಂದರು ಕೇಶವ್. “ನಾನು ದೋಸೆ ಹಿಟ್ಟು ಅಂಗಡಿಯಿಂದ ತರ್ತೀನಿ. ಹೆಜ್ಜೆ ಎಲ್ಲಾ ತೆಗೆದುಹಾಕಿ. ಲಿಸ್ಟಲ್ಲಿ ಹೆಸರು ಮಾತ್ರ ಇರ್ಲಿ.”

ಹೆಜ್ಜೆಯಿಲ್ಲದೆ ಹೆಸರು ಇಟ್ಟುಕೊಳ್ಳುವುದು ನಿಯಮಕ್ಕೆ ವಿರುದ್ಧವೇ ಎಂದು ಸಮಿತಿ ಇಪ್ಪತ್ತು ನಿಮಿಷ ಚರ್ಚಿಸಿತು. ನಿಯಮದಲ್ಲಿ ಆ ಬಗ್ಗೆ ಏನೂ ಇರಲಿಲ್ಲ. ಜೂನ್‌ನಲ್ಲಿ ಇಬ್ಬರೂ ಸೇರಿ ನಡೆದ ಎರಡು ದಿನದ ಲೆಕ್ಕ ಹೇಗೂ ಸಾಚಾ. ಅಷ್ಟರ ಮೇಲೆ ಪಟ್ಟಿಯ ಕೊನೆಯಲ್ಲಿ ಇರಬಹುದು, ಆದರೆ ಅದಕ್ಕೆ ಇಬ್ಬರ ಒಪ್ಪಿಗೆಯೂ ಬೇಕು ಎಂದು ಶ್ಯಾಮ್ ಹೇಳಿದರು. ಕೇಶವ್ ಆಗಲೇ ಒಪ್ಪಿದ್ದರು. ಎಲ್ಲರೂ ಉಪ್ಪಿಟ್ಟಿನ ಪಾತ್ರೆಯ ಕಡೆ ತಿರುಗಿದರು.

ಶ್ಯಾಮ್‌ಗೆ ಉತ್ತರ ಕೊಡುವ ಮುಂಚೆ ಪದ್ಮ ಗಂಡನನ್ನು ಕೇಳಿದರು.

“ನಾಲ್ಕು ಕಡೆನೂ ನಿಂತ್ರಾ?”

“ಮೂರು ಕಡೆ. ನಾಲ್ಕನೇದ್ರಲ್ಲಿ ಸಮ ಇತ್ತು.”

“ನಾನು ಬರೋ ತನಕ ನಿಂತಿದ್ರಿ.”

“ಹೂಂ.”

“ದಾರಿ ಫೋಟೋದಲ್ಲಿ ಇದ್ದ ಹಾಗೇ ಇತ್ತಾ?”

“ಹಾಗೇ ಇತ್ತು. ಸ್ವಲ್ಪ ಸಣ್ಣದು. ಇಬ್ರು ಪಕ್ಕಪಕ್ಕ ನಡೆಯೋಕೆ ಆಗಲ್ಲ.”

ಪದ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪರದೆ ಒಂದು ಕ್ಷಣ ನಿಂತುಹೋಯಿತು. ನೆಟ್‌ವರ್ಕೇ ಹೋಯಿತೇನೋ ಎಂದು ಶ್ಯಾಮ್ ಕೇಬಲ್ ಮುಟ್ಟಿ ನೋಡಿದರು. ಹೋಗಿರಲಿಲ್ಲ.

“ಚೆನ್ನಾಗಿ ನಿಂತಿದೀರಿ ರೀ,” ಎಂದರು ಪದ್ಮ. “ಆದ್ರೆ ನಾನು ಅಲ್ಲಿ ಇರ್ಲಿಲ್ವಲ್ಲ.” ಆಮೇಲೆ ಶ್ಯಾಮ್ ಕಡೆಗೆ, ಲ್ಯಾಬ್ ರಿಪೋರ್ಟ್ ಓದುವಾಗಿನ ಅದೇ ದನಿಯಲ್ಲಿ, “ಹೆಸರು ತೆಗೀರಿ,” ಎಂದರು.

ಕೇಶವ್ ಎಡಗೈಯ ಬ್ಯಾಂಡ್ ಬಿಚ್ಚಿ ಮೇಜಿನ ಮೇಲಿಟ್ಟರು. ಅದನ್ನು ಕೂಟಕ್ಕೆ ಹಿಂದಿರುಗಿಸಬೇಕೇ ಎಂಬ ಪ್ರಶ್ನೆ ಬಂತು. ಬೇಕಿಲ್ಲ, ಅದು ಕೊಡುಗೆ ಎಂದು ಶ್ಯಾಮ್ ಹೇಳಿದರೂ ಕೇಶವ್ ಅದನ್ನು ಅಲ್ಲೇ ಮರೆತು ಹೋದರು. ಅದೀಗ ಶ್ಯಾಮ್ ಮನೆಯ ಫ್ರಿಜ್ಜಿನ ಮೇಲಿದೆ.

ಗ್ರೈಂಡರ್ ಆಶಾರಾಣಿ ಮತ್ತು ಸತೀಶನಿಗೆ ಹೋಯಿತು. ಕೇಶವ್ ಅವರ ಬಲಗೈಯ ಹೆಜ್ಜೆಗಳನ್ನು ಪುರುಷರ ವಿಭಾಗಕ್ಕೆ ಸೇರಿಸಲಾಯಿತು. ಅಲ್ಲಿ ಅವರಿಗೆ ನಾಲ್ಕನೆಯ ಸ್ಥಾನ ಬಂತು. ಬಾಟಲಿ ಇದ್ದದ್ದು ಮೂವರಿಗೆ.