ಅದೇ ಪೇಟಿ ನಾನು

ನಾನು ಒಂದು ಹಾರ್ಮೋನಿಯಂ. ನಮ್ಮ ಕಡೆ ಪೇಟಿ ಎನ್ನುತ್ತಾರೆ. ಗದಗಿನ ಓಣಿಯೊಂದರಲ್ಲಿ ಹುಸೇನಸಾಬರು ತೇಗದ ಹಲಗೆ ಕೂಡಿಸಿ, ತಿದಿ ಕಟ್ಟಿ ನನಗೆ ಉಸಿರು ಕೊಟ್ಟರು. ಹುಟ್ಟಿದಾಗಲೇ ನನ್ನದು ಗಟ್ಟಿ ದನಿ. ನೆರೆಮನೆಯವರು ಬೈದರು. ಬೈಯಲಿ ಬಿಡಿ!

ನಾಟಕ ಕಂಪನಿಯ ಜೀವೂಬಾಯಿ ನನ್ನನ್ನು ಕೊಂಡಳು. ಹೆಂಗಸು ಪೇಟಿ ನುಡಿಸುವುದೇ ಎಂದು ಊರೆಲ್ಲ ಮೂಗು ಮುರಿಯಿತು. ಅವಳು ಕ್ಯಾರೇ ಅನ್ನಲಿಲ್ಲ. ಊರೂರು ತಿರುಗಿದೆವು. ಇಲಿ ತಿದಿ ಕಡಿಯಿತು, ಹೊಸದು ಬಂತು. ಸ್ವರ ಹೊರಡಿಸುವ ಹಿತ್ತಾಳೆಯ ರೀಡುಗಳು ಸೀಳಿದವು, ಬೇರೆ ಬಂದವು. ಅವಳ ನಂತರ ಮಗಳು ಶೇವಂತಾ ನುಡಿಸಿದಳು. ಆಗ ಹಲಗೆಗಳೂ ಬದಲಾದವು, ತಿದಿ ಮತ್ತೊಮ್ಮೆ ಹೊಸದಾಯಿತು. ಪ್ರತಿ ರಿಪೇರಿಯ ಮರುದಿನವೇ ನಾನು ರಂಗದ ಮುಂದೆ ಹಾಜರು. ಕಂಪನಿ ಮುಚ್ಚಿದ ಮೇಲೆ ಅಟ್ಟ ಸೇರಿದೆ.

ಶೇವಂತಾ ಮುದುಕಿಯಾದ ಮೇಲೆ ನನ್ನನ್ನು ಧಾರವಾಡದ ವಾದ್ಯ ಸಂಗ್ರಹಾಲಯಕ್ಕೆ ತಂದಳು. ಅವ್ವನ ಹೆಸರು ನನ್ನ ಜೊತೆ ಉಳಿಯಬೇಕು, ಅದೊಂದೇ ಹಟ. ಅಲ್ಲಿ ವೈಜಯಂತಿ ಎಂಬ ಹುಡುಗಿ ಕಂಪ್ಯೂಟರಿನಲ್ಲಿ ಜ್ಞಾನಮಾದರಿ ಕಟ್ಟುತ್ತಿದ್ದಳು. ಯಾವ ವಸ್ತು ಏನು, ಯಾವುದು ಯಾವುದರ ಭಾಗ, ಯಾರದು ಎಂದು ಯಂತ್ರಕ್ಕೆ ತಿಳಿಸುವ ನಿಯಮಗಳ ಕಟ್ಟು ಅದು. ಶೇವಂತಾ ನನ್ನ ಕತೆ ಹೇಳುತ್ತ ಹೋದಳು, ಹುಡುಗಿ ತುಂಬುತ್ತ ಹೋದಳು. ಯಂತ್ರ ತಕರಾರು ತೆಗೆಯಿತು. ಒಂದು ಪೇಟಿಗೆ ಒಂದೇ ತಿದಿ ಎಂಬುದು ಅದರ ನಿಯಮ. ನನ್ನ ಹೆಸರಿನಲ್ಲಿ ಅದಕ್ಕೆ ಮೂರು ತಿದಿ ಕಂಡವು.

"ಇದು ಬ್ಯಾರೆ ಪೇಟಿ ಅಂತ ಯಂತ್ರ ಅನ್ನಾಕತ್ತೈತಿ ಅವ್ವಾ. ನಿಮ್ಮ ತಾಯಿ ಹೆಸರು ಇದಕ್ಕ ಕೂಡಂಗಿಲ್ಲ."

ಶೇವಂತಾ ಕೆಂಡವಾದಳು. "ಬ್ಯಾರೆ ಆತು? ಯಾವತ್ತ ಆತು, ಆ ದಿನಾ ತೋರ್ಸು!"

ಹುಡುಗಿ ಗಲ್ಲಕ್ಕೆ ಕೈಯಿಟ್ಟು ಕೂತಳು. "ತಪ್ಪು ಪೇಟಿದಲ್ಲ ಅವ್ವಾ, ನನ್ನ ಮಾದರಿದು. ಅದರಾಗ ಕಾಲಾನ ಇಲ್ಲ."

'ಹೊಸ ಪೇಟಿ ಅಂತ ಬರೆದು ಕೈತೊಳೆದುಕೋ' ಎಂದು ಮೇಲಿನವರು ಹೇಳಿದರೂ ಅವಳು ಜಗ್ಗಲಿಲ್ಲ. ಮಾದರಿಯನ್ನು ಬಿಚ್ಚಿ ಮತ್ತೆ ಕಟ್ಟಿದಳು. ಪೇಟಿ ಒಂದೇ, ಅದರ ತಿದಿ, ರೀಡು, ಹಲಗೆ, ನುಡಿಸುವವರು, ಪ್ರತಿಯೊಂದಕ್ಕೂ ಯಾವಾಗಿನಿಂದ, ಯಾವಾಗಿನವರೆಗೆ ಎಂಬ ಎರಡು ಗುರುತು. ಒಂದು ಕಾಲಕ್ಕೆ ಒಂದೇ ತಿದಿ ಎಂದಾದಾಗ ಯಂತ್ರ ತೆಪ್ಪಗಾಯಿತು. ಬದಲಾದ ಮಾತ್ರಕ್ಕೆ ನಾನು ಇಲ್ಲವಾಗುತ್ತೇನೆಯೇ? ನನ್ನನ್ನು ಕೇಳಿದ್ದರೆ ಅವತ್ತೇ ಹೇಳುತ್ತಿದ್ದೆ. ಪೇಟಿಯನ್ನು ಯಾರು ಕೇಳುತ್ತಾರೆ!

ಶೇವಂತಾ ಮತ್ತೆ ಬಂದಳು. "ಮೊದಲ ಇದನ್ನ ಯಾರು ನುಡಸ್ತಿದ್ರು, ಕೇಳು ನೋಡೂಣು."

ಪರದೆಯ ಮೇಲೆ ಜೀವೂಬಾಯಿಯ ಹೆಸರು ಮೂಡಿತು. ಶೇವಂತಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಈಗ ಯಾರು ನುಡಸ್ತಾರ?"

ಆ ಜಾಗ ಖಾಲಿ ಇತ್ತು.

"ಖಾಲಿ ಯಾಕ ತಂಗಿ? ನಾ ಏನ್ ಸತ್ತೀನೇನ?"

ಅವಳು ನೆಲಕ್ಕೆ ಕೂತು ನನ್ನನ್ನು ಎಳೆದುಕೊಂಡಳು. ಸೊಟ್ಟ ಬೆರಳುಗಳು ಮೊದಲ ಸ್ವರ ತಪ್ಪಿದವು. ಹಲ್ಲು ಕಚ್ಚಿ ಮತ್ತೆ ಒತ್ತಿದಳು. ನಾನು ಇದ್ದಬದ್ದ ಉಸಿರನ್ನೆಲ್ಲ ಕೊಟ್ಟೆ. ವೈಜಯಂತಿ ಖಾಲಿ ಜಾಗದಲ್ಲಿ ಅವಳ ಹೆಸರು ಹಾಕಿ, 'ಇವತ್ತಿನಿಂದ' ಎಂದು ಬರೆದಳು. 'ಯಾವಾಗಿನವರೆಗೆ' ಎಂಬಲ್ಲಿ ಏನೂ ಬರೆಯಲಿಲ್ಲ.