ಖಾಲಿ ಗುಳಿಗಳ ನೇರಳೆ

ಖಾಲಿ ಗುಳಿಗಳೂ ನೇರಳೆಗೆ ತಿರುಗಿದ್ದವು.

ಅವಳು ತಟ್ಟೆಯನ್ನು ಲ್ಯಾಬಿನ ಕಿಟಕಿಯ ಬೆಳಕಿಗೆ ಹಿಡಿದಳು. ಅಂಗೈಯಗಲದ ಪ್ಲಾಸ್ಟಿಕ್, ಅದರ ತುಂಬ ಪುಟ್ಟ ಗುಳಿಗಳು. ಅವುಗಳಲ್ಲಿ ಮನುಷ್ಯರ ಚರ್ಮದ ಕೋಶ ಬೆಳೆಸಿ, ಎಲೆಯ ರಸದಿಂದ ಮಾಡಿದ ಬೆಳ್ಳಿಯ ಕಣ ಸುರಿದು, ಮಾರನೆಯ ದಿನ ಹಳದಿ ಬಣ್ಣ ಹಾಕುವುದು ಅವಳ ಕೆಲಸ. ಕೋಶ ಬದುಕಿದ್ದರೆ ಹಳದಿ ನೇರಳೆಯಾಗುತ್ತದೆ. ಸತ್ತಿದ್ದರೆ ಇಲ್ಲ. ವರ್ಷವಿಡೀ ನೇರಳೆಯೇ ಬಂದಿತ್ತು, ಅಂದರೆ ಕಣಗಳಿಂದ ಚರ್ಮಕ್ಕೆ ಹಾನಿಯಿಲ್ಲ. ಅವಳ ಪಿಎಚ್‌ಡಿ ಗೈಡ್ ಊರೆಲ್ಲ ಡಂಗುರ ಹೊಡೆದು, ಗಾಯಕ್ಕೆ ಹಚ್ಚುವ ಮುಲಾಮನ್ನೂ ಮಾಡಿಸಿ ಡಬ್ಬಿ ತುಂಬಿಸಿಟ್ಟಿದ್ದರು.

ಈ ಸಲ ಒಂದು ಸಾಲಿಗೆ ಅವಳು ಬೇಕೆಂದೇ ಕೋಶಗಳನ್ನು ಹಾಕಿರಲಿಲ್ಲ. ಬರೀ ಕಣ, ಬರೀ ಬಣ್ಣ. ಹೀಗೆ ತಾಳೆ ನೋಡುವುದು ಮೊದಲ ದಿನವೇ ಮಾಡಬೇಕಿದ್ದ ಕೆಲಸ, ಅವಸರದಲ್ಲಿ ಬಿಟ್ಟುಹೋಗಿತ್ತು. ಆ ಸಾಲೂ ನೇರಳೆ. ಜೀವದ ಸುಳಿವೇ ಇಲ್ಲದ ಕಡೆ, ಏಳೂರಿನ ನೇರಳೆಹಣ್ಣು ಹಿಂಡಿ ಸುರಿದಂಥ ನೇರಳೆ. ಕಣಗಳಿಗೆ ಅಂಟಿದ ಎಲೆಯ ರಸವೇ ಬಣ್ಣ ತಿರುಗಿಸುತ್ತಿತ್ತು. ಹಾಗಾದರೆ ಉಳಿದ ಗುಳಿಗಳಲ್ಲಿ ಯಾರು ಬದುಕಿದ್ದರು, ಯಾರು ಸತ್ತಿದ್ದರು, ದೇವರಿಗೇ ಗೊತ್ತು.

ಗೈಡ್ ತಟ್ಟೆ ನೋಡಿದರು. ಆಮೇಲೆ ಗಡಿಯಾರ ನೋಡಿದರು.

"ಈ ಸಾಲು ಹಾಕು ಅಂತ ಯಾರು ಹೇಳಿದ್ರು?"

"ಯಾರೂ ಇಲ್ಲ ಸರ್."

"ಮತ್ತೆ? ಎಸೆದುಬಿಡಮ್ಮ. ಇಲ್ಲದ್ದನ್ನ ಯಾಕೆ ಅಳೀತೀಯ."

ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಅವರು ಟೀ ತರಿಸಿದರು. ಲೋಟ ಖಾಲಿಯಾಗುವಷ್ಟರಲ್ಲಿ ಅವಳ ಧೈರ್ಯವೂ ತಳ ಕಂಡಿತ್ತು. ತಟ್ಟೆ ಕಸದ ಚೀಲ ಸೇರಿತು.

ಮನೆಯಲ್ಲಿ ಅತ್ತೆ ಸ್ಟೂಲಿನ ಮೇಲೆ ಕಾಲು ಚಾಚಿ ಕಾಯುತ್ತಿದ್ದರು. ಪಾದದಲ್ಲಿ ಸಕ್ಕರೆ ಕಾಯಿಲೆಯ ಹುಣ್ಣು. ಹುಣ್ಣಿನ ಬದಲು ನೆಂಟರು ಬಂದಿದ್ದರೆ ಇಷ್ಟು ದಿನ ಉಳಿಯಲು ನಾಚುತ್ತಿದ್ದರು. ಮುಲಾಮಿನ ಡಬ್ಬಿಯನ್ನು ಅವಳೇ ತಂದುಕೊಟ್ಟಿದ್ದಳು, ಕಡೆಯ ಪರೀಕ್ಷೆ ಮುಗಿಯುವವರೆಗೆ ಮುಟ್ಟಬೇಡಿ ಎಂದಿದ್ದಳು. ಸೊಸೆ ಬೆಳ್ಳಿಯಲ್ಲಿ ಮದ್ದು ಮಾಡುತ್ತಾಳೆಂಬುದು ಅತ್ತೆಯ ದಯೆಯಿಂದ ಬೀದಿನಾಯಿಗಳಿಗೂ ಬಾಯಿಪಾಠವಾಗಿತ್ತು.

ಗಂಡ ಟೀವಿಯಿಂದ ಕಣ್ಣು ಕೀಳದೆ ಬಂದೆಯಾ ಎಂದ. ಬಂದೆ ಎಂದಳು.

"ಏನಾಯ್ತು ನಿನ್ನ ಪರೀಕ್ಷೆ? ಪಾಸೋ ಫೇಲೋ?" ಅತ್ತೆ ಕೇಳಿದರು.

"ಇನ್ನೊಂದ್ಸಲ ನೋಡ್ಬೇಕು ಅತ್ತೆ."

"ನೋಡ್ತಾ ಇರು. ಅಷ್ಟರಲ್ಲಿ ಈ ಕಾಲು ನನ್ನ ಬಿಟ್ಟು ತಾನೇ ಮಸಣಕ್ಕೆ ನಡ್ಕೊಂಡು ಹೋಗಿರುತ್ತೆ. ಹಚ್ಕೊಳ್ಳಲೋ ಬೇಡವೋ, ಅಷ್ಟು ಹೇಳು ಸಾಕು."

ಬೇಡ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದರ ಬೆನ್ನಿಗೆ ಯಾಕೆ ಎಂಬ ಪ್ರಶ್ನೆ, ಅದರ ಬೆನ್ನಿಗೆ ಗೈಡ್, ಕೆಲಸ, ಇಡೀ ವರ್ಷ. ಸುಸ್ತು ಎಷ್ಟಿತ್ತೆಂದರೆ ಬಾಯಿ ತೆರೆಯಲಿಕ್ಕೂ ಕೂಲಿಯವರನ್ನು ಕರೆಯಬೇಕಿತ್ತು.

"ನಿಮ್ಮಿಷ್ಟ ಅತ್ತೆ."

ಅತ್ತೆ ಮುಚ್ಚಳ ತಿರುಗಿಸಿ, ಬೆರಳ ತುಂಬ ತೆಗೆದು, ಹುಣ್ಣಿಗೆ ಮೆತ್ತಿಕೊಂಡರು.

"ಉರಿಯುತ್ತಾ?"

"ಈ ಪಾದಕ್ಕೆ ಬೆಂಕಿ ಇಟ್ಟರೂ ಗೊತ್ತಾಗಲ್ಲ ಕಣೆ. ಅದಕ್ಕೇ ನಿನ್ನ ಕೇಳಿದ್ದು."

ಅವಳು ಕಿಟಕಿಯ ಬಳಿಗೆ ಹೋದಳು. ಎದುರಿನ ಕಟ್ಟಡದಲ್ಲಿ ಸಾಲುಸಾಲು ಕಿಟಕಿ, ಒಂದೊಂದರಲ್ಲೂ ಟೀವಿಯ ನೇರಳೆ ಬೆಳಕು. ಜನ ಮಾತ್ರ ಕಾಣಲಿಲ್ಲ. ಅಲ್ಲಿಂದ ಯಾರಾದರೂ ನೋಡಿದರೆ ಇಲ್ಲೂ ನೇರಳೆಯೇ ಕಾಣಬೇಕು.

ಗಾಜಿನ ಹತ್ತಿರಕ್ಕೆ ಬಾಯಿ ತಂದು ಉಸಿರು ಬಿಟ್ಟಳು. ಮಬ್ಬಾಗುತ್ತದೋ ಎಂದು ಕಾದು ನಿಂತಳು.